ಬೆರಳು ಮುಂದೆ ಹೋಗದಿದ್ದಾಗ

ಗಿಟಾರ್ ಕೈಗೆತ್ತಿಕೊಂಡ ಮೊದಲ ಒಂದೆರಡು ತಿಂಗಳು ಉತ್ಸಾಹಕ್ಕೆ ಕೊರತೆಯಿರುವುದಿಲ್ಲ. ಆಮೇಲೆ ಕಲಿಕೆ ನಿಂತೇಬಿಟ್ಟಂತೆ ಅನ್ನಿಸುತ್ತದೆ. ‘ಜಿ’ ಕಾರ್ಡ್‌ನಿಂದ ‘ಸಿ’ಗೆ ಹೊರಳುವಾಗ ಬೆರಳು ತಡವರಿಸುತ್ತದೆ, ಒಂದೇ ಬೆರಳಿನಲ್ಲಿ ಆರೂ ತಂತಿ ಒತ್ತಬೇಕಾದ ‘ಎಫ್’ ನುಡಿಯುವುದೇ ಇಲ್ಲ. ಅಲ್ಲಾಳಸಂದ್ರವಿರಲಿ, ಯಲಹಂಕವಿರಲಿ, ಮನೆಯ ಮೂಲೆಯಲ್ಲಿ ಧೂಳು ಹಿಡಿದ ಗಿಟಾರ್‌ನ ಕಥೆ ಬಹುಮಟ್ಟಿಗೆ ಇದೇ.

ಈ ನಿಲುಗಡೆಯ ಪ್ರಸಿದ್ಧ ಅಧ್ಯಯನ ನಡೆದದ್ದು ಸಂಗೀತಗಾರರ ಮೇಲಲ್ಲ, ತಂತಿ ಸಂದೇಶ ಕಲಿಯುವವರ ಮೇಲೆ. 1897ರಲ್ಲಿ ಅಮೆರಿಕದ ಬ್ರಯನ್ ಮತ್ತು ಹಾರ್ಟರ್, ಸಂದೇಶ ಗ್ರಹಿಸುವ ವೇಗ ಕೆಲಕಾಲ ಏರದೆ ನಿಂತು ಮತ್ತೆ ಏರುವುದನ್ನು ಗುರುತಿಸಿದರು. ಬಿಡಿ ಅಕ್ಷರಗಳು ರೂಢಿಯಾಗದೆ ಇಡೀ ಪದ ಕಿವಿಗೆ ದಕ್ಕದು ಎಂಬುದು ಅವರ ವಿವರಣೆ. ಎಲ್ಲ ಕಲಿಕೆಗೂ ಇದು ಅನಿವಾರ್ಯವೇ ಎಂದು ನಂತರದವರು ಪ್ರಶ್ನಿಸಿದ್ದೂ ಉಂಟು.

ಇದಕ್ಕೆ ಮದ್ದು ಕರ್ನಾಟಕ ಸಂಗೀತದ ಪಾಠಕ್ರಮದಲ್ಲೇ ಇದೆ. ಪುರಂದರದಾಸರು ರೂಪಿಸಿದರೆಂದು ಪರಂಪರೆ ನಂಬುವ ಈ ಕ್ರಮದಲ್ಲಿ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಜಂಟಿ ವರಸೆ, ಬಳಿಕ ಏಳು ತಾಳಗಳ ಅಲಂಕಾರ. ಒಂದೇ ವರಸೆಯನ್ನು ಮೂರು ಕಾಲಗಳಲ್ಲಿ ಸಾಧಿಸಬೇಕು. ತಾಳದ ನಡೆ ಬದಲಾಗದು, ಸ್ವರ ಮಾತ್ರ ಇಮ್ಮಡಿಯಾಗುತ್ತದೆ. ಮೂರನೆಯ ಕಾಲದಲ್ಲಿ ಎಡವಿದರೆ ಮೊದಲನೆಯದಕ್ಕೆ ಮರಳಬೇಕು.

ಗಿಟಾರಿಗೂ ಇದೇ ನ್ಯಾಯ. ಇಡೀ ಹಾಡನ್ನು ಮತ್ತೆ ಮತ್ತೆ ನುಡಿಸಿದರೆ ತಪ್ಪೇ ರೂಢಿಯಾಗುತ್ತದೆ. ಎಡವುವ ಎರಡು ಕಾರ್ಡ್‌ಗಳನ್ನಷ್ಟೇ ಆರಿಸಿ, ಮೆಟ್ರೊನೋಮ್‌ನ ನಿಧಾನ ನಡೆಗೆ ತಪ್ಪಿಲ್ಲದೆ ಬದಲಾಯಿಸಿ, ಆಮೇಲೆ ವೇಗ ಏರಿಸಬೇಕು. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಕಾಲು ಗಂಟೆ ಮೇಲು. ಗಿಟಾರನ್ನು ಮೂಲೆಗಿಡುವ ಮುನ್ನ ಇಷ್ಟನ್ನು ಒಂದು ತಿಂಗಳು ಮಾಡಿ ನೋಡಬಹುದು.