ಎಡಗೈಯ ಭಾರಕ್ಕೆ ಬಲಗೈಯ ನೆರವು

ಒಂದು ಕೈ ದಣಿದಾಗ ಇನ್ನೊಂದು ಆಸರೆಯಾಗುವುದು ದೇಹದ ಸಹಜಧರ್ಮ. ಪಿಯಾನೋ ವಾದನದಲ್ಲಿ ಮಾತ್ರ ಈ ನೆರವೂ ವಾದಕ್ಕೆ ಎಡೆಮಾಡಿಕೊಟ್ಟಿದೆ.

ಪಿಯಾನೋ ಸ್ವರಲಿಪಿಯಲ್ಲಿ ಎರಡು ಪಂಕ್ತಿಗಳು. ಸಾಮಾನ್ಯವಾಗಿ ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ. ಒಂದು ಕೈಗೆ ನಿಲುಕದ ಸ್ವರಗಳನ್ನು ಬಿಡುವಾಗಿರುವ ಮತ್ತೊಂದು ಕೈಗೆ ವಹಿಸುವುದೇ ಸ್ವರಗಳ ಮರುಹಂಚಿಕೆ. ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದರೆ ಒಟ್ಟು ಮೊತ್ತ ಬದಲಾಗದಷ್ಟೆ. ಇಲ್ಲಿಯೂ ಸ್ವರಗಳ ಲೆಕ್ಕ ಕೆಡುವುದಿಲ್ಲ.

ಇದರ ಅಗತ್ಯಕ್ಕೆ ಕಾರಣ ಅಂಗರಚನೆ. ಪಿಯಾನೋದಲ್ಲಿ ಒಂದು ಸ್ಥಾಯಿಯ ಅಂತರ ಸುಮಾರು 16.5 ಸೆಂಟಿಮೀಟರ್, ಹತ್ತನೆಯ ಸ್ವರದವರೆಗೆ ಸುಮಾರು 21. ರಷ್ಯದ ರಖ್ಮಾನಿನೋವ್‌ನ ಕೈಗಳು ಅಸಾಧಾರಣವಾಗಿ ದೊಡ್ಡವು. 1901ರಲ್ಲಿ ಪೂರ್ಣಗೊಂಡ ಆತನ ಎರಡನೆಯ ಕಾನ್ಸರ್ಟೋದ ಆರಂಭದ ಸ್ವರಗುಚ್ಛಗಳು ಸಣ್ಣ ಕೈಗೆ ಒಟ್ಟಿಗೆ ಎಟುಕವು. ಅವನ್ನು ಬಿಡಿಬಿಡಿಯಾಗಿ ನುಡಿಸುವವರುಂಟು, ಕೈಗಳ ನಡುವೆ ಹಂಚಿಕೊಳ್ಳುವವರೂ ಉಂಟು.

ನಿಜವಾದ ಜಿಜ್ಞಾಸೆ ಬೇಥೋವನ್ನನದು. 1822ರಲ್ಲಿ ಮುಗಿದ ಆತನ ಕೊನೆಯ ಪಿಯಾನೋ ಸೊನಾಟಾದ ಮೊದಲಲ್ಲೇ ಎಡಗೈ ಒಂಟಿಯಾಗಿ ಕೆಳಕ್ಕೆ ಜಿಗಿಯಬೇಕು. ಗುರಿ ತಪ್ಪಿದರೆ ಅಪಸ್ವರ. ಬಲಗೈ ಆ ಕ್ಷಣ ಸುಮ್ಮನಿರುತ್ತದೆ. ಅದನ್ನು ಬಳಸಿದರೆ ಕಷ್ಟವೇ ಇಲ್ಲ. ಆದರೆ ಆ ಅಪಾಯ, ಆ ತಳಮಳವೇ ಸಂಗೀತದ ಜೀವವೆಂದು ಕೆಲವು ವಾದಕರು ಹಂಚಿಕೆಯನ್ನು ಒಪ್ಪರು. ಕಿವಿಗೆ ಬೀಳುವುದು ನಾದವೇ ಹೊರತು ಬೆರಳಲ್ಲವೆಂಬುದು ಇನ್ನು ಕೆಲವರ ಉತ್ತರ.

ಎರಡೂ ಪಕ್ಷಗಳಲ್ಲಿ ಹುರುಳಿದೆ. ಜಿಗಿತವೇ ಭಾವವನ್ನು ಹೊತ್ತಿರುವಲ್ಲಿ ಶ್ರಮ ಸಾರ್ಥಕ. ಕೇವಲ ಅಂಗೈಯ ಅಳತೆ ಸಾಲದಿರುವಲ್ಲಿ ಹಟ ವ್ಯರ್ಥ. ಹಂಚಿದ ಮೇಲೆ ರಾಗದ ಎಳೆ ಕಡಿಯಬಾರದು, ಹೆಬ್ಬೆರಳಿನ ಸ್ವರ ಮಿಕ್ಕವನ್ನು ಮೀರಿ ಕೇಳಿಸಬಾರದು. ಕಣ್ಣು ಮುಚ್ಚಿ ಕೇಳಿದವರಿಗೆ ಕೈ ಬದಲಾದದ್ದು ತಿಳಿಯದಿದ್ದರೆ ಹಂಚಿಕೆ ಸರಿಯಾಗಿದೆಯೆಂದೇ ಅರ್ಥ.

ಆರೋಗ್ಯದ ದೃಷ್ಟಿಯಿಂದಲೂ ಇದು ಅಲ್ಪವಿಷಯವಲ್ಲ. ಜರ್ಮನಿಯ ಶೂಮನ್ 1830ರ ದಶಕದ ಆರಂಭದಲ್ಲಿ ಬಲಗೈ ಬೆರಳಿನ ಸ್ವಾಧೀನ ತಪ್ಪಿ ವಾದನವೃತ್ತಿಯ ಆಸೆಯನ್ನೇ ತೊರೆಯಬೇಕಾಯಿತು. ಅಮೆರಿಕದ ಲಿಯಾನ್ ಫ್ಲೈಷರ್‌ನ ಬಲಗೈ ಬೆರಳುಗಳು 1960ರ ದಶಕದಲ್ಲಿ ತಾವಾಗಿಯೇ ಮಡಚಿಕೊಳ್ಳತೊಡಗಿದವು. ದಶಕಗಳ ಕಾಲ ಆತ ಎಡಗೈಗೆಂದೇ ರಚಿತವಾದ ಕೃತಿಗಳನ್ನು ನುಡಿಸಿದ.

ಮಕ್ಕಳನ್ನು ಪಿಯಾನೋ ಪಾಠಕ್ಕೆ ಕಳುಹಿಸುವ ತಾಯಿತಂದೆಯರು ಇದನ್ನು ಮನಗಾಣಬೇಕು. ಅಭ್ಯಾಸದಲ್ಲಿ ದಣಿವು ಸಹಜ, ನೋವು ಸಹಜವಲ್ಲ. ಮಣಿಕಟ್ಟೋ ಮುಂಗೈಯೋ ನೋಯುತ್ತಿದ್ದರೆ ಅಭ್ಯಾಸ ನಿಲ್ಲಿಸಿ ಗುರುಗಳಿಗೆ ತಿಳಿಸಬೇಕು. ನೋವು ಉಳಿದರೆ ವೈದ್ಯರನ್ನು ಕಾಣಬೇಕು. ಬೆಳೆಯುವ ಕೈಗೆ ಹೊರೆ ಹಂಚಿಕೊಡುವುದು ಸೋಮಾರಿತನವಲ್ಲ, ವಿವೇಕ.