ತಲೆಗೆ ಬಾಲ್ ಬಿತ್ತಾ? ಇವತ್ತಿನ ಆಟ ಅಲ್ಲಿಗೇ ಸಾಕು

ಜಯನಗರದ ಶಾಲಿನಿ ಗ್ರೌಂಡ್ಸ್, ಭಾನುವಾರ ಬೆಳಗ್ಗೆ, ಅಂಡರ್-14 ಮ್ಯಾಚ್ ಅಂದ್ಕೊಳ್ಳಿ. ಬೌನ್ಸರ್ ಹುಡುಗನ ಹೆಲ್ಮೆಟ್‌ಗೆ ಟಪ್ ಅಂತ ಬಡಿಯುತ್ತೆ. "ಏನೂ ಆಗಿಲ್ಲ ಸರ್" ಅಂತಾನೆ. ಆದ್ರೆ ಸ್ಕೋರ್ ಎಷ್ಟು ಅಂದ್ರೆ ತಡವರಿಸ್ತಾನೆ.

ಕೋಚ್ ಸರ್, ತಕ್ಷಣ ಆಚೆ ಕರ್ಕೊಂಡು ಬನ್ನಿ. ಇದು ಕನ್ಕಷನ್ ಇರಬಹುದು. ಪೆಟ್ಟು ಬಿದ್ದಾಗ ಮಿದುಳು ಅಲುಗಾಡಿ, ಅದರ ಕೆಲಸ ಏರುಪೇರಾಗಿರುತ್ತೆ. ಸ್ಕ್ಯಾನ್‌ನಲ್ಲಿ ಏನೂ ಕಾಣದೇ ಇರಬಹುದು.

2021ರ ಆಗಸ್ಟ್, ನಾಟಿಂಗ್‌ಹ್ಯಾಮ್. ನೆಟ್ಸ್‌ನಲ್ಲಿ ಮೊಹಮ್ಮದ್ ಸಿರಾಜ್ ಎಸೆತ ಹೆಲ್ಮೆಟ್‌ಗೆ ತಗುಲಿ, ನಮ್ಮ ಮಯಾಂಕ್ ಅಗರ್ವಾಲ್ ಇಂಗ್ಲೆಂಡ್ ವಿರುದ್ಧದ ಮೊದಲ ಟೆಸ್ಟನ್ನೇ ಆಡಲಿಲ್ಲ. ಅಂಡರ್-14 ಮ್ಯಾಚ್ ಅದಕ್ಕಿಂತ ದೊಡ್ಡದಾ?

ಅಪ್ಪ, ಅಮ್ಮ, ಮೊದಲೆರಡು ದಿನ ಮೊಬೈಲ್ ಕಡಿಮೆ, ವಿಶ್ರಾಂತಿ ಹೆಚ್ಚು. ಮತ್ತೆ ಮತ್ತೆ ವಾಂತಿ, ಏರ್ತಾ ಹೋಗೋ ತಲೆನೋವು, ಫಿಟ್ಸ್ ಬಂದ್ರೆ ಕಾಯಬೇಡಿ, ಎಮರ್ಜೆನ್ಸಿಗೆ ಓಡಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಹುಷಾರಾಗ್ತಾ ಬಂದ್ರೆ ಮೊದಲು ಸ್ಕೂಲು, ಆಮೇಲೆ ನಿಧಾನಕ್ಕೆ ಓಟ, ಬ್ಯಾಟು ಮಾತ್ರ ಡಾಕ್ಟರ್ ಹೂಂ ಅಂದ್ಮೇಲೆ.