ಕತ್ತರಿಸಿದ ವಿಡಿಯೊ, ಕ್ಲಾಸಿನಲ್ಲಿ

ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಪರಾರಿ! 2018ರಲ್ಲಿ ಈ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ, ಬೆಂಗಳೂರಿನ ನಮ್ಮ ವಿಜಯನಗರಕ್ಕೆ ಹತ್ತಿರದ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳನೆಂಬ ಗುಮಾನಿಯಿಂದ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು.

ಅಸಲಿಗೆ ಆ ವಿಡಿಯೊ ಕರಾಚಿಯ ಜಾಗೃತಿ ಜಾಹೀರಾತು. ಕೊನೆಯಲ್ಲಿ ಬೈಕ್ ವಾಪಸ್ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಅಷ್ಟನ್ನೇ ಯಾರೋ ಕತ್ತರಿಸಿದ್ದರು.

ಮೇಷ್ಟ್ರೇ, ಮೇಡಂ, ಇದನ್ನು ಎಂಟನೇ ಕ್ಲಾಸಿಗೆ ಪಾಠ ಮಾಡಿ. ವಿಡಿಯೊ ನಿಲ್ಲಿಸಿ ಕೇಳಿ: ಇದು ಯಾವ ಊರು? ಆಮೇಲೇನಾಯ್ತು? ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿಸಿ, ಮೂಲವನ್ನು ಮಕ್ಕಳೇ ಹುಡುಕಲಿ. ಬಿ.ಇಡಿ. ಅಭ್ಯಾಸ ಪಾಠಕ್ಕೂ ಇದು ಬರಬೇಕು. ಭಾವಿ ಶಿಕ್ಷಕರಿಗೆ ಪ್ರೊಜೆಕ್ಟರ್ ಆನ್ ಮಾಡುವುದನ್ನಷ್ಟೇ ಕಲಿಸಿದರೆ ಸಾಲದು.